ಭಾವನ ಲೆನ್ಸಿನಲ್ಲಿ ಗುಬ್ಬಿಯ ಬಿಡಾರ

ಕನ್ನಡಕದ ಅಂಗಡಿಯಲ್ಲಿ ಬಹಳ ಕಾಲ ಕೆಲಸ ಮಾಡಿದವನಿಗೆ ಲೋಕದಲ್ಲಿರುವ ಗಾಜೆಲ್ಲ ತನ್ನ ಸುಪರ್ದಿಗೆ ಸೇರಿದ್ದು ಅನ್ನಿಸತೊಡಗುತ್ತದೆ. ನಮ್ಮ ಕನ್ನಡಕಪ್ಪನಿಗೂ ಹಾಗೇ ಆಗಿತ್ತು. ಕನ್ನಡಕಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅವನ ಕೆಲಸ ಬಂದವರನ್ನು ಅಕ್ಷರದ ಹಲಗೆಯ ಮುಂದೆ ಕೂರಿಸಿ, ಮೂಗಿನ ಮೇಲೆ ಒಂದು ಗಾಜು ತೆಗೆದು ಇನ್ನೊಂದು ಗಾಜು ಹಾಕಿ, "ಇದರಲ್ಲಿ ಚೆನ್ನಾಗಿ ಕಾಣತ್ತಾ, ಅದರಲ್ಲಾ?" ಎಂದು ಕೇಳುವುದು. ಉತ್ತರ ಹೇಳುವವರು ಗಿರಾಕಿಗಳು, ಜಾಣ ಅನ್ನಿಸಿಕೊಳ್ಳುವವನು ಇವನು. ಇಂಥ ಅನುಕೂಲದ ಉದ್ಯೋಗ ಮನುಷ್ಯನನ್ನು ಕೆಡಿಸದೆ ಬಿಡುವುದಿಲ್ಲ. ಪಕ್ಕದ ಮನೆಯ ದುರ್ಬೀನು ಮಸುಕಾದರೂ, ಶಾಲೆಯ ಸೂಕ್ಷ್ಮದರ್ಶಕ ಮುನಿಸಿಕೊಂಡರೂ ಇವನು ಅಲ್ಲಿ ಹಾಜರು. "ಲೆನ್ಸಿನ ವಿಷಯ ತಾನೇ? ನನಗೆ ಬಿಡಿ" ಎನ್ನುತ್ತಿದ್ದ. ಅವರು ಬಿಡುತ್ತಿದ್ದರು. ಆಮೇಲೆ ಬೇರೆ ಯಾರಿಗೋ ಕೊಟ್ಟು ಸರಿಮಾಡಿಸಿಕೊಳ್ಳುತ್ತಿದ್ದರು.

ಅವನ ಅಕ್ಕನ ಗಂಡ ಲಿಫ್ಟ್ ಇನ್‌ಸ್ಪೆಕ್ಟರು. ಊರಿನ ಎತ್ತರದ ಕಟ್ಟಡಗಳಿಗೆಲ್ಲ ಹೋಗಿ ಲಿಫ್ಟಿನ ಹಗ್ಗ ಎಳೆದು, ಬಾಗಿಲು ಬಡಿದು, ಎಷ್ಟು ಜನ ಹತ್ತಬಹುದು ಎಂದು ತೀರ್ಮಾನಿಸುವ ಅಧಿಕಾರ ಅವರದು. ಯಾವುದನ್ನೂ ನಂಬದಿರುವುದಕ್ಕೆ ಸಂಬಳ ಪಡೆಯುವವರು. ಕೆಲಸವಿಲ್ಲದ ದಿನಗಳಲ್ಲಿ ಅವರಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು. ಒಂದು ಬೆಳಿಗ್ಗೆ ಅವರು ಹೆಂಡತಿಯೊಡನೆ ಕನ್ನಡಕಪ್ಪನ ಮನೆಗೆ ಬಂದರು. ಕೈಯಲ್ಲಿ ಕಪ್ಪು ಪೆಟ್ಟಿಗೆ, ಬಗಲಲ್ಲಿ ಮೂರು ಕಾಲಿನ ಸ್ಟ್ಯಾಂಡು.

"ನಮ್ಮ ಮನೆಗೆ ಬಣ್ಣ ಹೊಡೆಸ್ತಿದೀವಿ. ಗೋಡೆ ಉಜ್ಜಿದ ಧೂಳು ಹಾಲಿನ ಪಾತ್ರೆಯನ್ನೂ ಬಿಟ್ಟಿಲ್ಲ. ಮುಗಿಯೋ ತನಕ ಇದು ನಿಮ್ಮಲ್ಲಿರಲಿ" ಎಂದರು ಭಾವ.

"ಮದುವೆಯಾದ ಹೊಸದರಲ್ಲಿ ನನ್ನ ಕೈಯನ್ನೂ ಇವರು ಇಷ್ಟು ಜೋಪಾನವಾಗಿ ಹಿಡಿದಿರಲಿಲ್ಲ ಕಣೋ" ಎಂದಳು ಅಕ್ಕ.

ಭಾವ ಪೆಟ್ಟಿಗೆ ತೆರೆದರು. ಒಳಗೆ ಮೆತ್ತನೆಯ ಹಾಸಿಗೆಯ ಮೇಲೆ ಕ್ಯಾಮೆರಾಗೆ ಜೋಡಿಸಿಟ್ಟ ಮೊಳದುದ್ದದ ಲೆನ್ಸು ಮಲಗಿತ್ತು. ಅದರ ಮುಂದುಗಡೆ, ಬಿಸಿಲು ನೇರವಾಗಿ ಗಾಜಿಗೆ ಬೀಳದಂತೆ, ಬಕೆಟ್ಟಿನಷ್ಟು ಅಗಲದ ಒಂದು ಕೊಳವೆ. ಅದಕ್ಕೆ ಹುಡ್ ಎಂದು ಹೆಸರು.

"ಹಕ್ಕಿ ನಮ್ಮನ್ನ ಹತ್ತಿರ ಬಿಡಲ್ಲ, ಅದಕ್ಕೆ ಉದ್ದ ಲೆನ್ಸು" ಎಂದು ಭಾವ ಪಾಠ ಶುರುಮಾಡಿದರು. "ಉದ್ದ ಲೆನ್ಸು ಕೈಯಲ್ಲಿ ನಡುಗತ್ತೆ, ಅದಕ್ಕೆ ಸ್ಟ್ಯಾಂಡು. ಹಕ್ಕಿ ಒಂದು ಕ್ಷಣ ನಿಲ್ಲಲ್ಲ, ಅದಕ್ಕೆ ಶಟರು ಕಣ್ಣು ಮಿಟುಕಿಸೋದಕ್ಕಿಂತ ಬೇಗ ಬೀಳಬೇಕು. ಸೂರ್ಯ ನಮ್ಮ ಬೆನ್ನಿಗಿರಬೇಕು. ಫೋಕಸ್ಸು ಹಕ್ಕಿಯ ಕಣ್ಣಿಗೇ ಇರಬೇಕು. ರೆಕ್ಕೆ ಎಷ್ಟೇ ಸೊಗಸಾಗಿರಲಿ, ಕಣ್ಣು ಮಸುಕಾದರೆ ಆ ಚಿತ್ರಕ್ಕೆ ಜೀವ ಇಲ್ಲ."

"ಹೌದು ಹೌದು, ಕಣ್ಣೇ ಮುಖ್ಯ" ಎಂದ ಕನ್ನಡಕಪ್ಪ, ವೃತ್ತಿಬಾಂಧವನಂತೆ.

"ಎಲ್ಲಕ್ಕಿಂತ ದೊಡ್ಡದು ತಾಳ್ಮೆ. ಹೋದ ದಿನವೇ ಫೋಟೋ ತೆಗೀತೀನಿ ಅಂದ್ರೆ ಆಗಲ್ಲ. ಸಾಮಾನು ಒಂದು ಕಡೆ ನಿಲ್ಲಿಸಿ, ಎಲೆಬಣ್ಣದ ಬಟ್ಟೆ ಮುಚ್ಚಿ, ದೂರ ಇದ್ದುಬಿಡಬೇಕು. ಹಕ್ಕಿ ಅದನ್ನ ಮರ ಅಂದ್ಕೊಳ್ಳೋ ತನಕ." ಭಾವ ಪೆಟ್ಟಿಗೆ ಮುಚ್ಚಿದರು. "ಬಣ್ಣದ ಕೆಲಸ ಮುಗಿದ ಮೇಲೆ ಜೌಗಿಗೆ ಹೊರಡ್ತೀವಿ. ಅಲ್ಲಿ ಕೊಕ್ಕರೆ ಇಳಿಯೋ ಕಾಲಕ್ಕೆ ಹಕ್ಕಿ ನೋಡೋ ಗೋಪುರ ಹತ್ತೋಕೆ ಅಪ್ಪಣೆ ಬೇಕು. ನಾನು ಕೇಳಿ ಕೇಳಿ ವರ್ಷಗಳೇ ಆದವು, ಈ ಸಲ ಸಿಕ್ಕಿದೆ. ಇದಕ್ಕೇನಾದ್ರೂ ಆದ್ರೆ..." ಎಂದು ನಿಲ್ಲಿಸಿ ಭಾಮೈದನ ಮುಖ ನೋಡಿದರು. "ಮುಟ್ಟಬೇಡ."

"ಲೆನ್ಸಿನ ವಿಷಯ ನನಗೆ ಬಿಡಿ, ಭಾವ."

"ನಿನಗೆ ಬಿಡ್ತಿರೋದೇ ನನಗೆ ಹೆದರಿಕೆ" ಎಂದು ಭಾವ ಮೆಟ್ಟಿಲಿಳಿದರು.

ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಅದು ಅಲ್ಲೇ ಇದ್ದಿದ್ದರೆ ಈ ಕಥೆಯನ್ನು ಹೇಳುವ ಕಷ್ಟ ನಮಗೆ ಬರುತ್ತಿರಲಿಲ್ಲ. ಆದರೆ ಎದುರು ಮನೆಯ ದರ್ಜಿ ಪೆಟ್ಟಿಗೆ ಒಳಗೆ ಹೋಗುವುದನ್ನು ನೋಡಿದ್ದ.

"ಏನ್ರೀ ಅದು, ವಾದ್ಯವಾ? ಊದೋದಾ, ಬಾರಿಸೋದಾ?"

"ಲೆನ್ಸು" ಎಂದ ಕನ್ನಡಕಪ್ಪ ಗಂಭೀರವಾಗಿ.

"ಅಷ್ಟುದ್ದದ್ದಾ? ಅಂಥ ಕಣ್ಣು ಯಾರಿಗೆ ಬಂದಿದೆ ಪಾಪ?"

ಮಾತು ನಾಟಿತು. ರಜೆಯ ದಿನ ಬೆಳಿಗ್ಗೆ, ಹೆಂಡತಿ ಮಾರುಕಟ್ಟೆಗೆ ಹೋದ ಹೊತ್ತು ನೋಡಿ, ಕನ್ನಡಕಪ್ಪ ದರ್ಜಿಯನ್ನು ತಾರಸಿಗೆ ಕರೆದೊಯ್ದ. ಲೆನ್ಸನ್ನೂ ಸ್ಟ್ಯಾಂಡನ್ನೂ ಬೇರೆಬೇರೆಯಾಗಿ ಹೊತ್ತು, ಇಕ್ಕಟ್ಟಾದ ತಿರುವು ಮೆಟ್ಟಿಲು ಹತ್ತಿ, ಮೇಲೆ ಜೋಡಿಸಿದ. ಲೆನ್ಸು ಸ್ಟ್ಯಾಂಡಿನ ತಲೆಯೊಳಗೆ ಜಾರಿ ಕಟಕ್ಕೆಂದು ಕೂತಿತು. ಆ ಸದ್ದು ಅವನಿಗೆ ಚಪ್ಪಾಳೆಯಂತೆ ಕೇಳಿತು. ನೀರಿನ ಟ್ಯಾಂಕಿನ ಮೇಲೆ ಒಂದು ಕಾಗೆ ಕೂತಿತ್ತು. ಇಣುಕಿದರೆ ಅದರ ಮೂಗಿನ ಮೇಲಿನ ನವಿರೂ ಕಾಣುತ್ತಿತ್ತು.

"ತೆಗೀರಿ ಫೋಟೋ!" ಎಂದ ದರ್ಜಿ.

ತೆಗೆದ. ಒಂದರಲ್ಲಿ ಟ್ಯಾಂಕು ಬಂತು, ಕಾಗೆ ಇರಲಿಲ್ಲ. ಇನ್ನೊಂದರಲ್ಲಿ ಕಾಗೆಯ ಬಾಲ ಬಂತು, ಉಳಿದ ಕಾಗೆ ಆಗಲೇ ಪಕ್ಕದ ಬೀದಿಗೆ ಹೋಗಿತ್ತು. ಮೂರನೆಯದರಲ್ಲಿ ಏನೋ ನಸುಗೆಂಪಾಗಿ ಗುಂಡಗೆ ಬಂದಿತ್ತು. ದರ್ಜಿ ಬಹಳ ಹೊತ್ತು ನೋಡಿ, "ಸೂರ್ಯೋದಯ ಚೆನ್ನಾಗಿದೆ" ಎಂದ. ಅದು ಕನ್ನಡಕಪ್ಪನ ಹೆಬ್ಬೆರಳು.

ಇನ್ನು ಇಳಿಸಬೇಕು. ಕನ್ನಡಕಪ್ಪ ಒಂದು ತಿರುಪು ತಿರುಗಿಸಿದ, ಲೆನ್ಸು ಆಗಲಿ ಎಂಬಂತೆ ತಲೆಯಾಡಿಸಿತು. ಇನ್ನೊಂದು ತಿರುಗಿಸಿದ, ಬೇಡ ಎಂಬಂತೆ ಅತ್ತಿತ್ತ ಆಡಿಸಿತು. ಸ್ಟ್ಯಾಂಡನ್ನು ಬಿಟ್ಟು ಮಾತ್ರ ಬರಲಿಲ್ಲ. ಬೆಲೆಬಾಳುವ ಲೆನ್ಸು ಕೈಜಾರಿ ಬೀಳದಿರಲೆಂದು ಅದರ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ಗುಂಡಿ ಇಟ್ಟಿರುತ್ತಾರೆ. ಅದನ್ನು ಒತ್ತಿ ಹಿಡಿದರೆ ಮಾತ್ರ ಬಿಡುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನ ಕಾಲು ಮಡಚುವುದೂ ಗೊತ್ತಾಗಲಿಲ್ಲ. ಕಾಲು ಚಾಚಿದ ಸ್ಟ್ಯಾಂಡು ತಿರುವು ಮೆಟ್ಟಿಲಲ್ಲಿ ಇಳಿಯುವ ಹಾಗಿರಲಿಲ್ಲ.

"ಸಿಕ್ಕಿಹಾಕ್ಕೊಂಡ್ತಾ?" ಎಂದ ದರ್ಜಿ.

"ಛೆ, ಇದು ವಿಧಾನ" ಎಂದ ಕನ್ನಡಕಪ್ಪ, ಬೆವರು ಒರೆಸಿಕೊಂಡು. "ಇಲ್ಲೇ ಬಿಡಬೇಕು. ಹಕ್ಕಿ ಇದನ್ನ ಮರ ಅಂದ್ಕೊಳ್ಳೋ ತನಕ."

ಎಲೆಬಣ್ಣದ ಬಟ್ಟೆ ಹೊದಿಸಿದ. ಮೇಲೆ ತಗಡಿನ ಮಾಡು ಇದ್ದುದರಿಂದ ಮಳೆಯ ಭಯವಿರಲಿಲ್ಲ. ಲೆನ್ಸಿನ ಬಾಯಿಗೆ ಹಾಕುವ ಮುಚ್ಚಳ ಮಾತ್ರ ಅವನ ಅಂಗಿಯ ಜೇಬಿನಲ್ಲೇ ಉಳಿಯಿತು. ಅಂಗಿ ಒಗೆಯಲು ಹೋಯಿತು. ಲೆನ್ಸು ಬಾಯಿ ತೆರೆದುಕೊಂಡು ಲೋಕವನ್ನು ನೋಡುತ್ತ ನಿಂತಿತು.

ತೆಗೆಯಲು ಬಾರದ್ದನ್ನು ತೆಗೆಯದಿರುವುದೇ ಪಾಂಡಿತ್ಯ ಎಂದು ಅವನು ಅಂಗಡಿಯಲ್ಲೂ ಪ್ರಚಾರ ಮಾಡಿದ. "ಈಗಿನವರಿಗೆ ತಾಳ್ಮೆ ಇಲ್ಲ. ನಾನು ಲೆನ್ಸು ನಿಲ್ಲಿಸಿ ಇಷ್ಟು ದಿನ ಆಯ್ತು, ಒಂದೂ ಫೋಟೋ ತೆಗೆದಿಲ್ಲ" ಎಂದು ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ ಹೇಳುತ್ತಿದ್ದ. ಗಾಜು ಬದಲಾಗುವ ಭಯಕ್ಕೆ ಅವರು ಹೌದು ಎನ್ನುತ್ತಿದ್ದರು. ಭಾವನ ಮನೆಯ ಬಣ್ಣದವರು ಮೊದಲ ಸುತ್ತು ಬಳಿದು, ಬಣ್ಣದವರ ಪದ್ಧತಿಯಂತೆ, ಕಣ್ಮರೆಯಾಗಿದ್ದರು. ಹೀಗೆ ಒಂದಷ್ಟು ವಾರಗಳು ನೆಮ್ಮದಿಯಾಗಿ ಕಳೆದವು.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದ ಹೆಂಡತಿ ತಾರಸಿಯಿಂದ ಕೂಗಿದಳು. "ರೀ, ನಿಮ್ಮ ಭಾವನ ಲೆನ್ಸಿಗೆ ಗಡ್ಡ ಬಂದಿದೆ!"

ಓಡಿಹೋಗಿ ನೋಡಿದ. ಹುಡ್ಡಿನ ಬಾಯಿಂದ ಹುಲ್ಲು ಇಳಿಬಿದ್ದಿತ್ತು. ಅದರ ನಡುವೆ ದರ್ಜಿ ಅಂಗಡಿಯ ಕೆಂಪು ದಾರ, ಯಾರದೋ ದಿಂಬಿನ ಹತ್ತಿ, ಒಂದು ಪೊರಕೆಯ ಕಡ್ಡಿ. ಇಣುಕಿದರೆ ಒಳಗೆ, ಭಾವ ಉಸಿರು ಬಿಗಿಹಿಡಿದು ಒರೆಸುತ್ತಿದ್ದ ಗಾಜಿಗೆ ಒತ್ತಿಕೊಂಡು, ಚುಕ್ಕೆಚುಕ್ಕೆಯ ಮೊಟ್ಟೆಗಳು. ಅವುಗಳ ಒಡತಿ, ನಮ್ಮ ನಿಮ್ಮ ಕಿಟಕಿಯಲ್ಲಿ ದಿನವೂ ಕಿಚಕಿಚ ಎನ್ನುವ ಸಾಮಾನ್ಯ ಗುಬ್ಬಿ, ಬಂದು ಕಂಬಿಯ ಮೇಲೆ ಕೂತು ಅವನನ್ನು ಗದರಿಸಿತು.

ಹತ್ತಿರ ಬಾರದ ಹಕ್ಕಿಗಾಗಿ ಮಾಡಿದ ಲೆನ್ಸು ಅದು. ಅದರೊಳಕ್ಕೇ ಹಕ್ಕಿ ಬಂದು ಸಂಸಾರ ಹೂಡಿತ್ತು. ಇದಕ್ಕಿಂತ ಹತ್ತಿರ ಯಾವ ಫೋಟೋದವನಿಗೂ ಹಕ್ಕಿ ಬಂದಿರಲಾರದು. ವಿಧಾನ ಫಲಿಸಿತ್ತು.

"ತೆಗೆದು ಕಿಟಕಿ ಮೇಲೆ ಇಟ್ಟುಬಿಡೋಣ ಕಣೇ" ಎಂದ ಕನ್ನಡಕಪ್ಪ. "ಭಾವ ನನ್ನನ್ನ ಉಳಿಸಲ್ಲ."

"ಬಾಣಂತಿಯನ್ನ ಮನೆ ಬಿಡಿಸ್ತೀರಾ?" ಎಂದಳು ಹೆಂಡತಿ, ಒದ್ದೆ ಬಟ್ಟೆ ಕೊಡವುತ್ತ. "ಮುಟ್ಟಿ, ನೋಡೋಣ!"

ಲೆನ್ಸಿನ ವಿಷಯದಲ್ಲಿ ಅವನಿಗೆ ಸಿಕ್ಕ ಎರಡನೆಯ ಆಜ್ಞೆ ಇದು. ಎರಡೂ ಮುಟ್ಟಬೇಡ ಎಂಬುದೇ. ಆದರೆ ಮೊದಲಿನದನ್ನು ಮುರಿದುದರಿಂದಲೇ ಎರಡನೆಯದು ಹುಟ್ಟಿತ್ತು.

ಕೆಳಗಿನ ಮನೆಯಲ್ಲಿ ನಿವೃತ್ತರಾದ ಹೆಡ್ ಮಿಸ್ ಇದ್ದರು. ಬೀದಿಯವರೆಲ್ಲ, ಅವರಿಂದ ಪಾಠ ಹೇಳಿಸಿಕೊಳ್ಳದವರೂ ಸೇರಿ, ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ಅವರ ಯಜಮಾನರು ಹೋದ ವರ್ಷ ದೇವರ ಪಾದ ಸೇರಿದ್ದರು. ಇದ್ದಾಗ ಆ ಮಹನೀಯರು ದಿನ ಬೆಳಗಾದರೆ ತಾರಸಿಗೆ ಹೋಗಿ ಹಕ್ಕಿಗಳಿಗೆ ಕಾಳು ಚೆಲ್ಲುತ್ತಿದ್ದರು. ಅವರು ಹೋದ ಮೇಲೆ ಮಿಸ್ ಮೆಟ್ಟಿಲ ಕಡೆ ತಲೆಯೆತ್ತಿಯೂ ನೋಡಿರಲಿಲ್ಲ. ಅವರಿಗೆ ಬೇಕಾದ ಸೊಪ್ಪು, ಹಾಲು ಎಲ್ಲ ಕನ್ನಡಕಪ್ಪನ ಹೆಂಡತಿಯೇ ತಂದುಕೊಡುತ್ತಿದ್ದಳು. ಗುಬ್ಬಿಯ ಸುದ್ದಿಯನ್ನೂ ಅವಳೇ ತಂದುಕೊಟ್ಟಳು. ಮಿಸ್ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಅಂದಿನಿಂದ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ತಾರಸಿಗೆ ಬಂದು ಮಾಡಿನ ಕೆಳಗೆ ಸ್ಟೂಲು ಹಾಕಿ ಕೂತುಬಿಡುತ್ತಿದ್ದರು.

ಅಷ್ಟರಲ್ಲಿ ಬಣ್ಣದವರು ಮರುಜನ್ಮ ಪಡೆದು ಬಂದು ಕೆಲಸ ಮುಗಿಸಿದರು. ಭಾವ ಫೋನು ಮಾಡಿದರು.

"ಮನೆ ತಯಾರು. ನಾಳೆ ಬಂದು ಲೆನ್ಸು ತಗೊಂಡು ಹೋಗ್ತೀನಿ."

ಕನ್ನಡಕಪ್ಪನಿಗೆ ಕಣ್ಣು ಕತ್ತಲೆ ಬಂತು. ಅಂಥ ಹೊತ್ತಿನಲ್ಲಿ ಮನುಷ್ಯನ ಬಾಯಿ ಅವನ ಅಪ್ಪಣೆ ಕೇಳುವುದಿಲ್ಲ. "ಭಾವ, ಹೊಸ ಬಣ್ಣದ ಮನೆಗೆ ಲೆನ್ಸು ಒಯ್ಯಬಾರದು."

"ಯಾಕೆ?"

"ಗಾಜಿನ ಮೇಲೆ ತೆಳ್ಳಗೆ ಒಂದು ಲೇಪ ಇರತ್ತಲ್ಲ, ಅದು ಉಸಿರಾಡತ್ತೆ."

"ಉಸಿರಾಡತ್ತಾ?"

"ಬಣ್ಣದ ವಾಸನೆ ಕುಡಿದ್ರೆ ಮಂಜಾಗತ್ತೆ. ನಮ್ಮ ಅಂಗಡೀಲಿ ಎಷ್ಟು ನೋಡಿಲ್ಲ!"

ಯಾವುದನ್ನೂ ನಂಬದ ಭಾವ ಮೆಲ್ಲಗೆ, "ಇಷ್ಟು ವರ್ಷದಲ್ಲಿ ಇದನ್ನ ನನಗೆ ಯಾರೂ ಹೇಳಿರಲಿಲ್ಲ ಕಣಯ್ಯಾ. ನಿನ್ನನ್ನ ನಾನು ಏನೋ ಅಂದ್ಕೊಂಡಿದ್ದೆ. ಜೌಗಿಗೆ ಹೊರಡೋ ದಿನ ಬಂದು ಒಯ್ತೀನಿ, ಅಲ್ಲೇ ಇರಲಿ" ಎಂದರು.

ಹೀಗೆ ಲೋಕದಲ್ಲಿ ಒಂದು ಹೊಸ ಶಾಸ್ತ್ರ ಹುಟ್ಟಿತು. ಹುಟ್ಟಿದ್ದು ಸುಮ್ಮನೆ ಮಲಗಿರಲಿಲ್ಲ, ನಡೆದಾಡತೊಡಗಿತು. ಭಾವ ತಮ್ಮ ಕ್ಯಾಮೆರಾ ಸಂಘದಲ್ಲಿ ಹೇಳಿದರು. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರು ಎಲ್ಲರ ಬಾಯಿಯನ್ನೂ ತೆರೆಸಿ ತಮ್ಮ ಬಾಯಿ ಮುಚ್ಚಲು ಮರೆತವರು. ಅವರಿಂದ ಸುದ್ದಿ ಎಲ್ಲ ಸದಸ್ಯರಿಗೂ ಹೋಯಿತು. ಮಾರನೆಯ ದಿನವೇ ಒಬ್ಬರು ಪೆಟ್ಟಿಗೆ ಹೊತ್ತು ಬಂದರು. ಅವರ ಮನೆಯ ಅಲಮಾರಿಗೆ ಹೊಸದಾಗಿ ವಾರ್ನಿಷ್ ಹೊಡೆದಿದ್ದರಂತೆ. ಆಮೇಲೆ ಇನ್ನೊಬ್ಬರು ಬಂದರು. ಅವರ ಮನೆಯಲ್ಲ, ಪಕ್ಕದ ಮನೆಯ ಗೇಟಿಗೆ ಬಣ್ಣವಾಗಿತ್ತು. ಆದರೆ ಗಾಳಿ ಇವರ ಕಡೆಗೇ ಬೀಸುತ್ತಿತ್ತು. ಮೂರನೆಯವರ ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

ಮಂಚದ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ, ಹಾಸಿಗೆಗಳ ನಡುವೆ ಲೆನ್ಸುಗಳು ತುಂಬಿದವು. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಹೆಂಡತಿ, "ಯಾರ ಲೆನ್ಸು ಇಲ್ಲಿದೆ ನೋಡಿ" ಎಂದು ಕೇಳಬೇಕಾಯಿತು.

"ನಿಜ ಹೇಳಿಬಿಡಿ" ಎಂದಳು ಒಂದು ದಿನ.

"ಹೇಳ್ತೀನಿ. ಸಮಯ ಬರಲಿ."

ಸಮಯ ಫೋನಿನಲ್ಲೇ ಬಂತು. ಹಲ್ಲಿನ ಡಾಕ್ಟರ ದನಿ. "ಶನಿವಾರ ನಾವೆಲ್ಲ ಜೌಗಿಗೆ ಹೊರಡ್ತೀವಿ. ಹೋಗ್ತಾ ನಿಮ್ಮ ಮನೆಗೇ ಬಂದು ಲೆನ್ಸು ತಗೋತೀವಿ. ನೀವು ಹೇಗೆ ಇಡ್ತೀರಿ ಅಂತ ಸಂಘದವರು ಕಣ್ಣಾರೆ ನೋಡಬೇಕಂತೆ. ನಿಮ್ಮ ಭಾವ ಅಂತೂ ನಿಮ್ಮ ಹೆಸರು ಹೇಳೋವಾಗ ಎದ್ದು ನಿಂತ್ಕೋತಾರೆ!"

ಇದು ಕನ್ನಡಕಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಭಾವ ಅವನನ್ನು ಮನುಷ್ಯನೆಂದು ಎಣಿಸಿದ್ದು ಇದೇ ಮೊದಲು. ಅಕ್ಕ ಕೂಡ ಫೋನು ಮಾಡಿ, "ನನ್ನ ತವರಿಗೂ ಒಂದು ಬೆಲೆ ಬಂತು ಕಣೋ" ಎಂದಿದ್ದಳು.

ಶನಿವಾರ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವನು ಅಡುಗೆಮನೆಯಿಂದ ಉದ್ದ ಹಿಡಿಯ ಸೌಟು ತೆಗೆದುಕೊಂಡ. ಮೊಟ್ಟೆಗಳನ್ನು ಸೌಟಿನಲ್ಲಿ ಎತ್ತಿ, ಹತ್ತಿ ಹಾಸಿದ ಡಬ್ಬದಲ್ಲಿಟ್ಟು, ಲೆನ್ಸನ್ನು ಒರೆಸಿಬಿಡುವುದು ಎಂದು ನಿಶ್ಚಯ. ಕಳ್ಳಹೆಜ್ಜೆ ಇಟ್ಟು ಮೇಲೆ ಹೋದ.

ಮಿಸ್ ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. ಅವನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಕೈಸನ್ನೆ ಮಾಡಿ ಹತ್ತಿರ ಕರೆದರು.

"ಒಡೆದಿದೆ. ಈಗಷ್ಟೇ. ಬಾಯಿ ಬಿಡ್ತಿದೆ ನೋಡು."

ನೋಡಿದ. ಕೂದಲಿಲ್ಲದ, ಕಣ್ಣು ತೆರೆಯದ, ಹೆಬ್ಬೆರಳಷ್ಟೂ ಇಲ್ಲದ ಜೀವ ತನ್ನ ತಲೆಗಿಂತ ದೊಡ್ಡದಾಗಿ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು.

"ಅವರು ಇದ್ದಿದ್ರೆ ಈಗ ಕಾಳು ತರೋಕೆ ಓಡ್ತಿದ್ರು" ಎಂದರು ಮಿಸ್. "ನಾನು ಬೈತಿದ್ದೆ, ತಾರಸಿಯೆಲ್ಲ ಗಲೀಜು ಅಂತ. ಒಂದು ದಿನಾನೂ ಜೊತೆಗೆ ಬಂದು ಕೂತಿರಲಿಲ್ಲ ನೋಡು." ಸೆರಗಿನಿಂದ ಕಣ್ಣು ಒತ್ತಿಕೊಂಡು, ಮರುಕ್ಷಣವೇ ಹೆಡ್ ಮಿಸ್ಸಾಗಿ, "ಅದೇನದು ಕೈಯಲ್ಲಿ?" ಎಂದರು.

ಸೌಟು ಬೆನ್ನ ಹಿಂದೆ ಹೋಯಿತು. "ನೀರು ಇಡೋಣ ಅಂತ, ಮಿಸ್."

"ಒಳ್ಳೇ ಹುಡುಗ. ಇಡು ಮತ್ತೆ."

ಐವತ್ತು ದಾಟಿದ ಆ ಒಳ್ಳೇ ಹುಡುಗ ನಲ್ಲಿಯಿಂದ ಸೌಟಿನಲ್ಲಿ ನೀರು ತುಂಬಿ ಕಟ್ಟೆಯ ಮೇಲೆ ಇಟ್ಟ. ಗುಬ್ಬಿ ಬಂದು ಕುಡಿಯಿತು. ಅವನು ತಲೆತಗ್ಗಿಸಿ ಮೆಟ್ಟಿಲಿಳಿದ.

ಹತ್ತು ಗಂಟೆಗೆ ಸಂಘ ಬಂತು. ಎಲ್ಲರದೂ ಎಲೆಬಣ್ಣದ ಅಂಗಿ, ಎಲೆಬಣ್ಣದ ಟೋಪಿ. ಬೀದಿಗೆ ಒಂದು ಪೊದೆ ನಡೆದುಬಂದ ಹಾಗಿತ್ತು. ಭಾವ ಒಳಗೆ ಬಂದವರೇ ಕನ್ನಡಕಪ್ಪನ ಹೆಗಲ ಮೇಲೆ ಕೈ ಹಾಕಿದರು. "ಇವನೇ ನನ್ನ ಭಾಮೈದ" ಎಂದರು. ಆ ಕೈಯ ಭಾರಕ್ಕೆ ಕನ್ನಡಕಪ್ಪ ಕುಸಿಯುವುದೊಂದು ಬಾಕಿ. ಉಳಿದವರ ಪೆಟ್ಟಿಗೆಗಳೆಲ್ಲ ಹೊರಬಂದವು.

"ನನ್ನದೆಲ್ಲಿ?" ಎಂದರು ಭಾವ.

"ಮೇಲಿದೆ."

"ಅಲಮಾರಿ ಮೇಲಾ?"

"ಅಲಮಾರಿಗಿಂತ ಸ್ವಲ್ಪ ಮೇಲೆ."

"ಸ್ವಲ್ಪ ಅಂದ್ರೆ?"

"ತಾರಸಿ ಮೇಲೆ."

ಭಾವನ ಕೈ ಹೆಗಲಿಂದ ಇಳಿಯಿತು. ಆದರೆ ಹಲ್ಲಿನ ಡಾಕ್ಟರು ಚಪ್ಪಾಳೆ ತಟ್ಟಿದರು. "ಆಹಾ, ಗಾಳಿಯಾಡೋ ಜಾಗ! ಲೇಪಕ್ಕೆ ಉಸಿರಾಟ! ನಾವು ಕಪಾಟಿನಲ್ಲಿಟ್ಟು ಕೊಂದುಬಿಟ್ಟೆವಲ್ರೀ! ನಡೀರಿ ನೋಡೋಣ."

ಪೊದೆ ತಿರುವು ಮೆಟ್ಟಿಲು ಹತ್ತಿತು. ಮೇಲಿನ ಮೆಟ್ಟಿಲಲ್ಲಿ ಮಿಸ್ ನಿಂತಿದ್ದರು.

"ಸಾಲಾಗಿ ಬನ್ನಿ. ತಳ್ಳಬೇಡಿ. ಮಾತು ಬೇಡ."

ಯಾಕೆಂದು ಒಬ್ಬರೂ ಕೇಳಲಿಲ್ಲ. ಡಾಕ್ಟರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಾಲಿನ ಮುಂದೆ ಭಾವ. ಲೆನ್ಸಿನ ಎದುರು ಹೋಗಿ ನಿಂತರು, ಬಗ್ಗಿದರು. ಲೆನ್ಸಿನ ಬಾಯೊಳಗಿಂದ ಒಂದಷ್ಟು ಸಣ್ಣ ಬಾಯಿಗಳು ಅವರ ಕಡೆ ತೆರೆದುಕೊಂಡು, ಅಪ್ಪ ಬಂದನೆಂದು ತಿಳಿದು, ಚೀಂ ಎಂದವು.

ಭಾವ ನೆಟ್ಟಗಾದರು. ಮುಖ ಕೆಂಪಾಯಿತು. ಕುತ್ತಿಗೆಯ ನರ ಎದ್ದಿತು. ಬಾಯಿ ತೆರೆಯುವಷ್ಟರಲ್ಲಿ ಕನ್ನಡಕಪ್ಪ ಕೈಮುಗಿದು ಅವರ ಮತ್ತು ಲೆನ್ಸಿನ ನಡುವೆ ಬಂದು ನಿಂತ.

"ಭಾವ, ತಪ್ಪೆಲ್ಲ ನಂದೇ. ಬೇಡ ಅಂದ್ರೂ ಪೆಟ್ಟಿಗೆ ತೆಗೆದೆ. ಜಂಬಕ್ಕೆ ಇಲ್ಲಿ ನಿಲ್ಲಿಸಿದೆ, ಇಳಿಸೋಕೆ ಬರಲಿಲ್ಲ. ಲೇಪ ಉಸಿರಾಡಲ್ಲ, ಅದು ನಾನು ಕಟ್ಟಿದ ಸುಳ್ಳು. ನೀವು ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಮೆಲ್ಲಗೆ ಬೈಯಿರಿ, ಮರಿಗಳು ಬೆದರತ್ವೆ."

ಆಗ ನಡೆದದ್ದನ್ನು ಆ ಬೀದಿಯವರು ಈಗಲೂ ಹೇಳುತ್ತಾರೆ. ಭಾವ ಬೈದರು. ಮನಸಾರೆ ಬೈದರು. ಆದರೆ ಪಿಸುಮಾತಿನಲ್ಲಿ ಬೈದರು. "ಅಯೋಗ್ಯ" ಎಂದು ಉಸುರಿದರು. "ನಿನಗೆ ಸೂಜಿ ಕೊಟ್ಟರೂ ದೊಣ್ಣೆ ಮಾಡ್ತೀಯ" ಎಂದು ಕಿವಿಯ ಬಳಿ ಬಂದು ನುಡಿದರು. ಕೈ ಎತ್ತಿ ಎತ್ತಿ ಆಡಿಸಿದರು, ಕಾಲು ನೆಲಕ್ಕೆ ಅಪ್ಪಳಿಸಲು ಹೋಗಿ ನೆನಪಾಗಿ ಮೆಲ್ಲಗೆ ಇಟ್ಟರು. ಭಾವನೊಡನೆ ಬಂದಿದ್ದ ಅಕ್ಕ ಕೂಡ ಸಾಲಿನ ಹಿಂದಿನಿಂದ, "ಮಾನ ತೆಗೆದೆಯಲ್ಲೋ" ಎಂದು ಪಿಸುಗುಟ್ಟಿದಳು. ಅವಳಿಗೆ ಕೇಳಿಸದ ಮಾತನ್ನು ಮುಂದಿನವರು ಹಿಂದಿನವರಿಗೆ ಪಿಸುಪಿಸು ದಾಟಿಸುತ್ತಿದ್ದರು. ಎದುರು ಮನೆಯಿಂದ ನೋಡಿದ ದರ್ಜಿ, ಏನೋ ಪೂಜೆ ನಡೆಯುತ್ತಿದೆ ಎಂದುಕೊಂಡು ಹೊಲಿಗೆಯ ಯಂತ್ರ ನಿಲ್ಲಿಸಿ ಕೈಮುಗಿದ.

ಬೈಗುಳ ಮುಗಿದ ಮೇಲೆ ಡಾಕ್ಟರು ತಗ್ಗಿದ ದನಿಯಲ್ಲಿ ಉಪಾಯ ಹೇಳಿದರು. "ಹುಡ್ಡಿನ ತಿರುಪು ಸಡಿಲಿಸಿ, ಗೂಡಿನ ಸಮೇತ ಎಳೆದುಬಿಟ್ರೆ? ಹಲ್ಲು ಕಿತ್ತ ಹಾಗೆ. ಕ್ಷಣದ ಕೆಲಸ."

"ಗೂಡು ಗಾಜಿಗೆ ಆತುಕೊಂಡಿದೆ. ಎಳೆದರೆ ಹಿಂದಿನಿಂದ ಮರಿ ಉದುರತ್ವೆ" ಎಂದಳು ಕನ್ನಡಕಪ್ಪನ ಹೆಂಡತಿ. "ಅಣ್ಣ, ನೀವೇ ನೋಡಿ ಹೇಳಿ."

ಭಾವ ಬಗ್ಗಿ ನೋಡಿದರು. ಕೈ ತಿರುಪಿನ ಮೇಲೆ ಹೋಯಿತು. ಬೀದಿಯಲ್ಲಿ ಜೌಗಿಗೆ ಹೋಗುವ ಗಾಡಿ ಕಾಯುತ್ತಿತ್ತು. ಕೊಕ್ಕರೆಗಳು ಇಳಿಯುವುದು ವರ್ಷಕ್ಕೊಮ್ಮೆ, ಅಪ್ಪಣೆ ಸಿಗುವುದು ಜನ್ಮಕ್ಕೊಮ್ಮೆ. ಸಂಘದವರು ಅವರ ಕೈಯನ್ನೇ ನೋಡುತ್ತಿದ್ದರು. ಫೋಟೋಗೆ ಅಡ್ಡ ಬಂತೆಂದು ಗೂಡಿನ ಹತ್ತಿರದ ಕೊಂಬೆಯೊಂದನ್ನು ಮುರಿದ ಸದಸ್ಯನನ್ನು ಸಂಘದಿಂದ ಹೊರಹಾಕಿಸಿದವರು ಇದೇ ಭಾವ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಅದೇ ಇತ್ತು.

ಕಂಬಿಯ ಮೇಲೆ ಗುಬ್ಬಿ ಬಂದು ಕೂತಿತು. ಕೊಕ್ಕಿನಲ್ಲಿ ಒಂದು ಹಸಿರು ಹುಳು. ದಾರಿಗೆ ಭಾವ ಅಡ್ಡ. ಅದು ಅತ್ತ ಹಾರಿತು, ಇತ್ತ ಹಾರಿತು, ಮತ್ತೆ ಕಂಬಿಗೆ ಬಂತು. ಒಳಗೆ ಮರಿಗಳ ಕೂಗು ಹೆಚ್ಚಾಯಿತು. ಮಿಸ್ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವರ ತುಟಿ ಅಲುಗುತ್ತಿತ್ತು.

ಭಾವ ತಿರುಪಿನಿಂದ ಕೈ ತೆಗೆದರು. ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಹಿಂದಿದ್ದವರನ್ನೂ ತೋಳು ಚಾಚಿ ಹಿಂದಕ್ಕೆ ತಳ್ಳಿದರು.

"ದಾರಿ ಬಿಡ್ರೀ" ಎಂದರು. "ಅದಕ್ಕೆ ಹೊತ್ತಾಯ್ತು."

ಗುಬ್ಬಿ ಒಳಗೆ ಹೋಯಿತು.

ಸಂಘ ಜೌಗಿಗೆ ಹೋಯಿತು. ಭಾವ ಹೋಗಲಿಲ್ಲ. ಬೇರೆ ಲೆನ್ಸು ಕೊಡುತ್ತೇನೆಂದವರಿಗೂ ಬೇಡವೆಂದು ತಲೆಯಾಡಿಸಿಬಿಟ್ಟರು. ತಾರಸಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಮಿಸ್ ಪಕ್ಕದಲ್ಲಿ ಹಾಕಿ, ತಮ್ಮ ಲೆನ್ಸನ್ನು ಕಾಯಲು ಕೂತರು. ದಿನವೂ ಕೆಲಸ ಮುಗಿಸಿ ನೇರ ಇಲ್ಲಿಗೇ ಬರುತ್ತಿದ್ದರು. ಕಾಗೆ ಬಂದರೆ ಎದ್ದು ಟೋಪಿ ಬೀಸುತ್ತಿದ್ದರು, ಬೆಕ್ಕು ಬಂದರೆ ಹಲ್ಲು ಕಡಿಯುತ್ತಿದ್ದರು. ಕನ್ನಡಕಪ್ಪನೊಡನೆ ಮಾತಿಲ್ಲ. ಬೇಕಾದ್ದನ್ನು ಗಾಳಿಗೆ ಹೇಳುತ್ತಿದ್ದರು. "ಕಾಫಿ ಬಂದಿದ್ರೆ ಚೆನ್ನಾಗಿತ್ತು" ಎಂದರೆ ಕಾಫಿ ಬರುತ್ತಿತ್ತು.

ಒಂದು ಸಂಜೆ ಇಳಿಬಿಸಿಲು ನೇರವಾಗಿ ಗೂಡಿಗೆ ಬಿದ್ದಿತ್ತು. ಮರಿಗಳು ರೆಕ್ಕೆ ಮೂಡಿ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ಭಾವ ಫೋನು ತೆಗೆದು ಚಿತ್ರ ಹಿಡಿದರು, ನೋಡಿದರು, ಮುಖ ಸಿಂಡರಿಸಿದರು.

"ಇಷ್ಟು ದೂರದಿಂದ ಇದನ್ನ ತೆಗೆಯೋಕೆ ಉದ್ದ ಲೆನ್ಸು ಬೇಕು" ಎಂದರು ಗಾಳಿಗೆ.

"ಇದೆಯಲ್ಲ ಭಾವ, ಅಲ್ಲೇ..." ಎಂದು ಬೆರಳು ಚಾಚಿದ ಕನ್ನಡಕಪ್ಪ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ.

ಭಾವನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಹೆಗಲು. ನಗುವನ್ನೂ ಅವರು ಪಿಸುಮಾತಿನಲ್ಲೇ ನಕ್ಕರು. ಮಿಸ್ ಸೆರಗು ಬಾಯಿಗೆ ಒತ್ತಿಕೊಂಡರು. ಯಜಮಾನರು ಹೋದ ಮೇಲೆ ಅವರು ನಕ್ಕದ್ದನ್ನು ಆ ಮನೆಯವರು ಅಂದೇ ನೋಡಿದ್ದು.

ಮರಿಗಳು ಒಂದೊಂದಾಗಿ ಹಾರಿಹೋದವು. ಬರಿದಾದ ಗೂಡನ್ನು ನೋಡುತ್ತ ಭಾವ ಒಂದು ದಿನ ತಡೆದರು. ಮಾರನೆಯ ದಿನ ಬಟ್ಟೆ, ಬ್ರಷ್ಷು ಎಲ್ಲ ತಂದು ತೋಳು ಮಡಚಿದಾಗ ಅದೇ ಗುಬ್ಬಿ ಬಂದು ಕಂಬಿಯ ಮೇಲೆ ಕೂತಿತು. ಕೊಕ್ಕಿನಲ್ಲಿ ಹೊಸ ಹುಲ್ಲುಕಡ್ಡಿ.

"ಇದಕ್ಕೆ ಇನ್ನೊಂದು ಬಾಣಂತನ ಬೇಕಂತೆ" ಎಂದಳು ಕನ್ನಡಕಪ್ಪನ ಹೆಂಡತಿ.

ಭಾವ ಗುಬ್ಬಿಯನ್ನು ನೋಡಿದರು, ಲೆನ್ಸನ್ನು ನೋಡಿದರು, ಕೊನೆಗೆ ಮಿಸ್ ಮುಖ ನೋಡಿದರು. "ಈಗ ಒಳಗೆ ಯಾರೂ ಇಲ್ಲ. ಈಗ ತೆಗೀಬಹುದಾ?"

"ಬೇಗ ಮಾಡು" ಎಂದರು ಮಿಸ್. "ಅದರ ಬಾಯಿ ನೋಯತ್ತೆ."

ಭಾವ ತಿರುಪು ಸಡಿಲಿಸಿ ಹುಡ್ಡನ್ನು ಗೂಡಿನ ಸಮೇತ ಮೆಲ್ಲಗೆ ಜಾರಿಸಿದರು. ಹಿಂಬದಿಗೆ ಒಂದು ರಟ್ಟು ಹಾಕಿ, ತಂತಿಯಿಂದ ಮಾಡಿನ ಕಂಬಕ್ಕೆ ಬಿಗಿದರು. ಒಂದು ಸುತ್ತು ಸಾಕಾಗುವಲ್ಲಿ ನಾಲ್ಕು ಸುತ್ತು ಸುತ್ತಿ, ಜಗ್ಗಿ ನೋಡಿ, ಮತ್ತೆ ಜಗ್ಗಿ ನೋಡಿ, ಆಮೇಲೆ ಹಿಂದೆ ಸರಿದು ಗುಬ್ಬಿಗೆ ಅನುಮತಿ ಕೊಟ್ಟರು. ಲೆನ್ಸಿನ ತಳದ ಗುಂಡಿಯನ್ನು ಬೆರಳ ತುದಿಯಲ್ಲಿ ಒತ್ತಿದ್ದೇ ತಡ, ಲೆನ್ಸು ಕೈಗೆ ಬಂತು. ಕನ್ನಡಕಪ್ಪ ಆ ಗುಂಡಿಯನ್ನು ಬಹಳ ಹೊತ್ತು ದಿಟ್ಟಿಸಿದ. ಏನೂ ಹೇಳಲಿಲ್ಲ. ಅಷ್ಟು ಬುದ್ಧಿ ಅವನಿಗೆ ಬಂದಿತ್ತು.

ಆಮೇಲೆ ಭಾವ ತೆಗೆದ ಚಿತ್ರಗಳಲ್ಲೆಲ್ಲ ಒಂದು ಮೂಲೆಗೆ ಬಿಸಿಲು ನುಗ್ಗಿ ಬೆಳ್ಳಗಾಗಿರುತ್ತಿತ್ತು. ಸಂಘದ ಸಭೆಯಲ್ಲಿ ಹಲ್ಲಿನ ಡಾಕ್ಟರು ತಡೆಯಲಾರದೆ ಕೇಳಿದರು. "ನಿಮ್ಮಂಥವರು ಹುಡ್ಡಿಲ್ಲದೆ ಫೋಟೋ ತೆಗೆಯೋದಾ? ಹೊಸದೊಂದು ತರಿಸಬಾರದಾ?"

"ಯಾಕೆ ತರಿಸಲಿ? ಹಳೇದು ಚೆನ್ನಾಗೇ ಇದೆ. ಅದರಲ್ಲಿ ಈಗ ಸಂಸಾರ ಇದೆ, ಅಷ್ಟೇ."

"ಅಷ್ಟು ಒಳ್ಳೇ ಸಾಮಾನು, ಹಾಗೆ ಬಯಲಲ್ಲಿ ಬಿಟ್ಟು ಬಂದಿದೀರಾ?"

"ಬಯಲಲ್ಲಿ ಯಾಕೆ ಬಿಡ್ಲಿ?" ಎಂದರು ಯಾವುದನ್ನೂ ನಂಬದ ಭಾವ. "ನನ್ನ ಭಾಮೈದನ ಹತ್ತಿರ ಬಿಟ್ಟಿದೀನಿ."